ಆಲ್ಫ್ರಿಸ್ಟನ್‌ನ ಕೆಂಪು ಸಿಂಹ
ಇಂಗ್ಲೆಂಡಿನ ಸಸೆಕ್ಸ್‌ನ ಹಳ್ಳಿ ಆಲ್ಫ್ರಿಸ್ಟನ್‌ನ ಹೈ ಸ್ಟ್ರೀಟ್‌ನಲ್ಲಿರುವ ಸ್ಟಾರ್ ಇನ್ ಅನ್ನೋ ಹಳೆಯ ಹೋಟೆಲಿನ ಮೂಲೆಯಲ್ಲಿ ಕೆಂಪು ಸಿಂಹ ಯಾಕಿದೆ ಅಂತ ಕೇಳಿದ್ದೀರಿ. ಅದು ಹಡಗಿನ ಮೂತಿಗೆ ಕೂರಿಸುತ್ತಿದ್ದ ಮರದ ಗೊಂಬೆ. 17ನೇ ಶತಮಾನದಲ್ಲಿ ಹತ್ತಿರದ ಕಡಲಲ್ಲಿ ಒಡೆದ ಡಚ್ ಹಡಗಿನದು ಅಂತ ಊರಿನವರು ಹೇಳುತ್ತಾರೆ. ಅಲ್ಲೇ ತಲೆಯೆತ್ತಿ ನೋಡಿ, ಗೋಡೆಯ ಮರದಲ್ಲೂ ಹಳೆಯ ಕೆತ್ತನೆಗಳಿವೆ. ಎದುರಿಗಿರುವ ಜಾರ್ಜ್ ಇನ್ ಕೂಡ ತುಂಬಾ ಹಳೆಯದು.

ಆದರೆ ಸುಮ್ನೆ ಅಷ್ಟಕ್ಕೇ ವಾಪಸ್ ಬರಬೇಡಿ. ಚರ್ಚ್ ಪಕ್ಕದ ಹುಲ್ಲು ಹೊದಿಸಿದ ಕ್ಲರ್ಜಿ ಹೌಸ್ (ಪಾದ್ರಿಗಳ ಮನೆ) ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ. 1896ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಬರೀ 10 ಪೌಂಡಿಗೆ ಕೊಂಡ ಮನೆ ಇದು, ಅವರು ಕೊಂಡ ಮೊದಲ ಕಟ್ಟಡ. ಒಳಗೆ ನೆಲ ನೋಡಿ: ಸುಣ್ಣಕಲ್ಲಿನ ಪುಡಿ ಬಡಿದು, ಮೇಲೆ ಹುಳಿ ಹಾಲು ಬಳಿದು ಮಾಡಿದ್ದು. ಬೆಳ್ಳಗೆ, ನುಣ್ಣಗಿದೆ.