ಬ್ರೆಚಿಯಾದೊಳಗಿನ ಲಾವಾ ಚೂರು ಎಲ್ಲಿಯದು?

ಪ್ರಶ್ನೆ: ಮೇಡಂ, ನಮಸ್ಕಾರ. ಮಗಳು ಕಾಲೇಜಿನಿಂದ ಚಿತ್ರದುರ್ಗದ ಕಡೆ ಪ್ರವಾಸ ಹೋಗಿದ್ದಳು. ಅಲ್ಲಿನ ಹಳ್ಳದಲ್ಲಿ ಸಿಕ್ಕಿದ ಒಂದು ಕಲ್ಲು ತಂದಿದ್ದಾಳೆ. ಚಿಕ್ಕಿಯಲ್ಲಿ ಕಡಲೆಬೀಜ ಕೂತ ಹಾಗೆ ಅದರೊಳಗೆ ಕಪ್ಪು-ಹಸಿರು ಚೂರುಗಳಿವೆ. ಅವು ಲಾವಾ ಅಂತ ಅವಳ ಮೇಷ್ಟ್ರು ಹೇಳಿದರಂತೆ. ಆದರೆ ಸುತ್ತ ಇರುವುದು ಮರಳು. ಲಾವಾ ಅಲ್ಲಿಗೆ ಹೇಗೆ ಬಂತು? ಯಾವ ಜ್ವಾಲಾಮುಖಿಯದ್ದು ಅಂತ ಪತ್ತೆ ಮಾಡಲು ಆಗುತ್ತಾ? ಕಲ್ಲನ್ನೂ ಕಳಿಸಿದ್ದೇನೆ.
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಕಲ್ಲು ತಲುಪಿತು. ಒದ್ದೆ ಮಾಡಿ, ಬಿಸಿಲಿಗೆ ಹಿಡಿದು ಲೆನ್ಸಿನಲ್ಲಿ ನೋಡಿದೆ. ತುಂಬಾ ಒಳ್ಳೆಯ ಕಲ್ಲು, ಜೋಪಾನವಾಗಿಡಿ.

ಮೊದಲು ಚೂರುಗಳ ಮೂಲೆ ಗಮನಿಸಿ. ಒಂದೂ ಉರುಟಾಗಿಲ್ಲ. ದುಬಾರೆಯಲ್ಲಿ ಹೊಳೆಯ ಕಲ್ಲು ನುಣ್ಣಗಿರುತ್ತದೆ, ಅಲ್ವಾ? ಉರುಳಿ ಉರುಳಿ ಮೂಲೆ ಸವೆದಿರುತ್ತದೆ. ಅಂಥವು ಸೇರಿ ಗಟ್ಟಿಯಾದರೆ ಕಾಂಗ್ಲೊಮರೇಟ್. ಮೂಲೆ ಚೂಪಾಗಿಯೇ ಉಳಿದಿದ್ದರೆ ಬ್ರೆಚಿಯಾ. ಚೂರು ಹೆಚ್ಚು ದೂರ ಉರುಳಿಲ್ಲ ಅಂತ ಅರ್ಥ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಏನು ಬಂತು ಅಂತ ನಾವೆಲ್ಲ ಕಂಡಿದ್ದೇವೆ. ಕೆಂಪು ಕೆಸರು, ಬಂಡೆ, ಚೂರು, ಮರ, ಎಲ್ಲ ಒಟ್ಟಿಗೆ. ದೊಡ್ಡದು ಸಣ್ಣದು ಬೇರೆಯಾಗಲು ಹೊತ್ತೇ ಇರಲಿಲ್ಲ. ಅಂಥ ರಾಶಿ ಆಳದಲ್ಲಿ ಹೂತುಹೋಗಿ, ನೀರಲ್ಲಿ ಕರಗಿ ಬಂದ ಸಿಲಿಕಾ ಅಥವಾ ಸುಣ್ಣ ಅದನ್ನು ಬೆಸೆದರೆ ಬ್ರೆಚಿಯಾ ಆಗುತ್ತದೆ.

ಜ್ವಾಲಾಮುಖಿ ಸಿಡಿದಾಗಲೂ ಬ್ರೆಚಿಯಾ ಹುಟ್ಟುತ್ತದೆ. ನಿಮ್ಮದು ಆ ಥರದ್ದಲ್ಲ. ಅತಿ ದೊಡ್ಡ ಚೂರಿನ ಅಂಚನ್ನು ನೋಡಿ. ಲಾವಾದಲ್ಲಿ ಗಾಳಿಗುಳ್ಳೆ ಇದ್ದ ಜಾಗದಲ್ಲಿ ಬಿಳಿ ಖನಿಜ ತುಂಬಿ ಚುಕ್ಕೆಗಳಾಗಿವೆ. ಅಂಚಿನ ಒಂದು ಚುಕ್ಕೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿದೆ, ಅದರಾಚೆ ಬರೀ ಮರಳು. ಅಂದರೆ ಲಾವಾ ಆರಿ, ಗುಳ್ಳೆಯೊಳಗೆ ಖನಿಜ ತುಂಬಿ, ಅದೆಲ್ಲ ಮುಗಿದ ಮೇಲೆ ಕಲ್ಲು ಒಡೆದಿದೆ. ಪಕ್ಕದಲ್ಲೇ ಗ್ರಾನೈಟಿನ ಚೂರೂ ಇದೆ. ಹಳೆಯ ಲಾವಾ ಗುಡ್ಡವೊಂದು ಜರಿದು, ದಾರಿಯಲ್ಲಿ ಸಿಕ್ಕಿದ್ದನ್ನೂ ಎಳೆದುಕೊಂಡು ಬಂದಿದೆ.

ಯಾವ ಲಾವಾ ಅನ್ನುವುದಕ್ಕೆ ಬಣ್ಣವನ್ನು ನಂಬಬೇಡಿ. ಚಿತ್ರದುರ್ಗದ ಲಾವಾಗಳಿಗೆ 250 ಕೋಟಿ ವರ್ಷಕ್ಕೂ ಜಾಸ್ತಿ ವಯಸ್ಸು. ಕಾವಿಗೆ, ಒತ್ತಡಕ್ಕೆ ಸಿಕ್ಕಿ ಅವುಗಳಲ್ಲಿ ಕ್ಲೋರೈಟ್ ಅನ್ನುವ ಖನಿಜ ಹುಟ್ಟಿದೆ, ಹಸಿರು ಅದರದ್ದು. ರಸಾಯನವೂ ಬದಲಾಗಿರುತ್ತದೆ. ಬಸಾಲ್ಟ್ ಅಂದರೆ ಸಿಲಿಕಾ ಕಡಿಮೆ ಇರುವ ಕಪ್ಪು ಲಾವಾ ಕಲ್ಲು. ತಾಜಾ ಬಸಾಲ್ಟಿನಲ್ಲಿ ಸಿಲಿಕಾ ಸುಮಾರು ಶೇ. 45ರಿಂದ 52. ಆದರೆ ಇಂಥ ಹಳೆಯ ಚೂರಿನಲ್ಲಿ ಆ ಅಂಕಿ ಮಾತ್ರ ಹಿಡಿದು ಹೆಸರಿಟ್ಟರೆ ಮೋಸ ಹೋಗುತ್ತೀರಿ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ನೀರಿನ ಜೊತೆ ಹೊರಟುಬಿಡುತ್ತವೆ, ಸಿಲಿಕಾ ಕೂಡ ಅಲುಗುತ್ತದೆ. ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಇಟ್ರಿಯಂ ಹಾಗಲ್ಲ. ಅವು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಅದಕ್ಕೇ ಅವುಗಳ ಅನುಪಾತ ನೋಡುತ್ತಾರೆ. ಜಿರ್ಕೋನಿಯಂ-ಟೈಟಾನಿಯಂ ಅನುಪಾತ ಬಸಾಲ್ಟಿನಿಂದ ಸಿಲಿಕಾ ಹೆಚ್ಚಿರುವ ಲಾವಾ ಕಲ್ಲಾದ ರಯೋಲೈಟಿನ ಕಡೆಗೆ ಏರುತ್ತದೆ. ನಿಯೋಬಿಯಂ-ಇಟ್ರಿಯಂ ಅನುಪಾತ ಲಾವಾ ಎಷ್ಟು ಕ್ಷಾರೀಯ, ಅಂದರೆ ಮೂಲದಲ್ಲಿ ಸೋಡಿಯಂ, ಪೊಟ್ಯಾಸಿಯಂ ಎಷ್ಟು ಹೆಚ್ಚಿತ್ತು ಅಂತ ತೋರಿಸುತ್ತದೆ. ವಿಂಚೆಸ್ಟರ್ ಮತ್ತು ಫ್ಲಾಯ್ಡ್ ಅನ್ನುವ ಭೂವಿಜ್ಞಾನಿಗಳು 1977ರಲ್ಲಿ ಇವೆರಡನ್ನೂ ಸೇರಿಸಿ ಮಾಡಿದ ರೇಖಾಚಿತ್ರ ಈಗಲೂ ಬಳಕೆಯಲ್ಲಿದೆ. ಥೋರಿಯಂಗೆ ಹೋಲಿಸಿದರೆ ನಿಯೋಬಿಯಂ ತೀರಾ ಕಡಿಮೆ ಇದ್ದರೆ, ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುವ ಕಡೆ ಹುಟ್ಟಿದ ಲಾವಾ ಇರಬಹುದು. ಆದರೆ ಮೇಲೆ ಬರುವಾಗ ಹಳೆಯ ಗ್ರಾನೈಟನ್ನು ಕರಗಿಸಿಕೊಂಡ ಲಾವಾದಲ್ಲೂ ಇದೇ ಗುರುತು ಕಾಣುತ್ತದೆ. ಅವಸರದ ತೀರ್ಮಾನ ಬೇಡ.

ದಯವಿಟ್ಟು ಇಡೀ ಕಲ್ಲನ್ನು ಪುಡಿ ಮಾಡಿಸಿ ಪರೀಕ್ಷೆಗೆ ಕೊಡಬೇಡಿ. ಸುತ್ತಲಿನ ಮರಳಿನಲ್ಲಿ ಜಿರ್ಕಾನ್ ಹರಳುಗಳಿರುತ್ತವೆ. ಅವು ಸೇರಿದರೆ ಜಿರ್ಕೋನಿಯಂ ಸುಮ್ನೆ ಏರಿ, ಬಸಾಲ್ಟ್ ಬೇರೇನೋ ಆಗಿ ಕಾಣುತ್ತದೆ. ಗರಗಸದಲ್ಲಿ ತೆಳ್ಳಗೆ ಕೊಯ್ಯಿಸಿ, ಬಿಳಿ ಚುಕ್ಕೆ ಇಲ್ಲದ ಭಾಗ ಆರಿಸಿ, ಒಂದೊಂದು ಚೂರನ್ನೂ ಬೇರೆಬೇರೆಯಾಗಿ ಅಳೆಯಬೇಕು. ಆಮೇಲೆ ಸುತ್ತಮುತ್ತಲಿನ ಲಾವಾಗಳ ಅಂಕಿ ಜೊತೆ ಹೋಲಿಸಬೇಕು. ಯಾವುದಕ್ಕೂ ಹೊಂದದಿದ್ದರೆ? ಆ ಗುಡ್ಡ ಪೂರ್ತಿ ಸವೆದುಹೋಗಿರಬಹುದು. ಆಗ ಅದಕ್ಕೆ ಉಳಿದ ಸಾಕ್ಷಿ ಈ ಚೂರೇ. ನನಗೆ ಬ್ರೆಚಿಯಾ ಮೇಲೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ವಯಸ್ಸಿನ ಬಗ್ಗೆ ಒಂದು ಮಾತು. ಚೂರಿನ ವಯಸ್ಸು ಬ್ರೆಚಿಯಾದ ವಯಸ್ಸಲ್ಲ. ಒಳಗಿರುವ ಅತಿ ಎಳೆಯ ಚೂರಿಗಿಂತಲೂ ಬ್ರೆಚಿಯಾ ಎಳೆಯದು.

ಮಗಳಿಗೆ ಹೇಳಿ: ಕಲ್ಲು ಸಿಕ್ಕಿದ ಜಾಗವನ್ನು ಈಗಲೇ ಬರೆದಿಡಲಿ.

ಪ್ರಶ್ನೆ: ನಮ್ಮ ಕೊಡಗಿನಲ್ಲೂ ಜ್ವಾಲಾಮುಖಿ ಇತ್ತಾ? ತೋಟದಲ್ಲಿ ಕಪ್ಪು ಕಲ್ಲು ಬಹಳ ಇದೆ.
— ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಕಪ್ಪಗಿದ್ದ ಮಾತ್ರಕ್ಕೆ ಲಾವಾ ಅಲ್ಲ. ನಮ್ಮಲ್ಲಿ ಹೆಚ್ಚಾಗಿರುವುದು ನೈಸ್ ಮತ್ತು ಚಾರ್ನೊಕೈಟ್. ಭೂಮಿಯ ಆಳದಲ್ಲಿ ಬೆಂದ ಕಲ್ಲುಗಳು, ಹಲವಕ್ಕೆ 300 ಕೋಟಿ ವರ್ಷ ದಾಟಿದೆ. ಡೆಕ್ಕನ್ ಲಾವಾ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆ ಇದೆ, ಇಲ್ಲಿಗೆ ಬಂದಿಲ್ಲ. ಲಾವಾ ನೋಡಲೇಬೇಕು ಅಂದರೆ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ ಕಂಬಗಳಾಗಿ ನಿಂತಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಮಾತ್ರ ಒಂದು ಚೂರೂ ತರಬೇಡಿ.