ಅಮ್ಮ ಮನೆಯಿಂದ ಹೊರಗೇ ಹೋಗುತ್ತಿಲ್ಲ, ಒತ್ತಾಯ ಮಾಡಬೇಕೇ?

ಪ್ರಶ್ನೆ: ನನ್ನ ಅಮ್ಮನಿಗೆ 74 ವರ್ಷ. ವಾರಕ್ಕೆರಡು ಸಲ ಗೆಳತಿಯರ ಜೊತೆ ಹಾಡಲು ಹೋಗುತ್ತಿದ್ದರು. ಆರು ತಿಂಗಳಿಂದ ಬಿಟ್ಟಿದ್ದಾರೆ. ಕೇಳಿದರೆ ‘ಸುಸ್ತು ಕಣೇ’ ಅನ್ನುತ್ತಾರೆ. ಬಟ್ಟೆಗಳೆಲ್ಲ ಸಡಿಲವಾಗಿವೆ. ಅಣ್ಣ ಮಾತ್ರ ‘ವಯಸ್ಸಾಯ್ತು, ಆರಾಮಾಗಿ ಇರಲಿ ಬಿಡು’ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಒತ್ತಾಯ ಬೇಡ. ಆದರೆ ಸುಮ್ನೆ ಬಿಡುವುದೂ ಬೇಡ. ಬಟ್ಟೆ ಸಡಿಲವಾಗಿದೆ ಅಂದಿರಲ್ಲ, ನಾನು ಅಲ್ಲೇ ನಿಂತೆ.

ವಯಸ್ಸಾದವರ ದೇಹ ಒಳಗೊಳಗೇ ಸೋಲುವುದಕ್ಕೆ ವೈದ್ಯರು ಫ್ರೇಲ್ಟಿ ಅನ್ನುತ್ತಾರೆ. ಇದನ್ನು ಗುರುತಿಸಲು 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಐದು ಲಕ್ಷಣ ಕೊಟ್ಟರು: ತಾನಾಗಿ ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರಿದ್ದರೆ ಫ್ರೇಲ್ಟಿ. ಒಂದೆರಡಿದ್ದರೆ ಅದರ ಹೊಸ್ತಿಲು. ನಿಮ್ಮ ಅಮ್ಮನಲ್ಲಿ ಆಗಲೇ ಎರಡೋ ಮೂರೋ ಕಾಣುತ್ತಿವೆ, ಅಲ್ವಾ?

ಮನೆಯಲ್ಲೇ ಒಂದು ನೋಡಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 15 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ, ಅಥವಾ ಏಳುವಾಗ ಕೈ ತಾನಾಗಿ ಕುರ್ಚಿಯ ಹಿಡಿಕೆ ಹುಡುಕಿದರೆ, ಕಾಲಿನ ಶಕ್ತಿ ಕುಂದಿದೆ ಅಂತಲೇ ಲೆಕ್ಕ.

ಅಣ್ಣ ಹೇಳುವ ಆರಾಮದ ವಿಷಯಕ್ಕೆ ಬರೋಣ. ಆರೋಗ್ಯವಾಗಿದ್ದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಅಧ್ಯಯನವೊಂದಿದೆ. ಅಷ್ಟರಲ್ಲೇ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸಖಂಡ ಕರಗಿತ್ತು! ಅಮ್ಮ ಹಾಸಿಗೆ ಹಿಡಿದಿಲ್ಲ, ನಿಜ. ಆದರೆ ಹಾಡಲು ಹೋಗುವುದೆಂದರೆ ಹಾಡುವುದಷ್ಟೇ ಅಲ್ಲವಲ್ಲ. ತಲೆ ಬಾಚಿ, ಮೆಟ್ಟಿಲಿಳಿದು, ನಡೆದು ಹೋಗಿ, ನಾಲ್ಕು ಜನರ ಜೊತೆ ನಕ್ಕು ವಾಪಸ್ ಬರಬೇಕು. ಅದೆಲ್ಲ ಒಟ್ಟಿಗೇ ನಿಂತುಹೋಗಿದೆ. ಶಕ್ತಿ ಕುಂದಿದರೆ ಹೊರಗೆ ಹೋಗುವುದು ನಿಲ್ಲುತ್ತದೆ, ಹೋಗುವುದು ನಿಂತರೆ ಶಕ್ತಿ ಇನ್ನಷ್ಟು ಕುಂದುತ್ತದೆ.

‘ಸುಸ್ತು’ ಅನ್ನುವ ಮಾತಿನ ಹಿಂದೆ ಬೇರೇನೋ ಇರಬಹುದು. ಕಿವಿ ಮಂದವಾಗಿ ಗುಂಪಿನ ಮಾತು ಕೇಳಿಸದಿರಬಹುದು. ಮೂತ್ರ ತಡೆಯಲಾಗದೆ ಮುಜುಗರವಾಗಿರಬಹುದು. ಒಮ್ಮೆ ಎಡವಿ ಬಿದ್ದದ್ದನ್ನು ನಿಮಗೆ ಹೇಳದೇ ಇರಬಹುದು. ಮಕ್ಕಳ ಹತ್ತಿರ ಇವನ್ನೆಲ್ಲ ಬಾಯಿಬಿಡುವವರು ಕಡಿಮೆ. ಎದುರು ಕೂರಿಸಿಕೊಂಡು ವಿಚಾರಿಸಬೇಡಿ, ಜೊತೆಯಲ್ಲಿ ಏನಾದರೂ ಕೆಲಸ ಮಾಡುತ್ತಾ ಕೇಳಿ.

ತೂಕ ಇಳಿದಿರುವುದರಿಂದ ವೈದ್ಯರ ಭೇಟಿ ಮುಂದೂಡಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಖಿನ್ನತೆ ಎಲ್ಲವನ್ನೂ ನೋಡಬೇಕು. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕೆಲವು ಮಾತ್ರೆಗಳೂ ಸುಸ್ತು ತರುತ್ತವೆ. ಕಾಲಿನ ವ್ಯಾಯಾಮ, ಪ್ರೋಟೀನ್ ಎಷ್ಟೆಂದು ಅಲ್ಲೇ ಕೇಳಿ, ಮೂತ್ರಪಿಂಡದ ತೊಂದರೆ ಇದ್ದರಂತೂ ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಹೊಸ್ತಿಲಲ್ಲೇ ಹಿಡಿದರೆ ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ.

ಮತ್ತೆ ಹಾಡಿಗೆ ಕಳಿಸುವಾಗ ‘ಹೋಗಿ ಬಾ, ಒಳ್ಳೆಯದು’ ಅನ್ನಬೇಡಿ, ಯಾರಿಗೂ ಅದು ಹಿಡಿಸುವುದಿಲ್ಲ. ಗೆಳತಿಯೊಬ್ಬರಿಂದ ಫೋನ್ ಮಾಡಿಸಿ: ‘ಆ ಹಾಡಿನ ಎರಡನೇ ಚರಣ ನಮಗ್ಯಾರಿಗೂ ನೆನಪಿಲ್ಲ, ನೀವೇ ಬಂದು ಹೇಳಿಕೊಡಿ.’ ಮೊದಲ ದಿನ ಅರ್ಧ ಗಂಟೆ ಸಾಕು. ವಾಪಸ್ ಕರೆತರಲು ನೀವೇ ಹೋಗಿ.