ತಾರೆಯರ ಮುಖದ ಹೊಳಪು ಕ್ರೀಮಿನಿಂದ ಬಂದದ್ದೇ?

ನೀವು ಕೇಳಿದ್ದು ಒಂದರೊಳಗೆ ಎರಡು ಪ್ರಶ್ನೆ: ನಟನಟಿಯರು ಹೇಳುವ ಕ್ರೀಮು ಹಚ್ಚಿದರೆ ನಮ್ಮ ಚರ್ಮವೂ ಹಾಗೆ ಹೊಳೆಯುತ್ತದೆಯೇ? ಅವರ ಫೋಟೊ ನೋಡಿ ಕನ್ನಡಿ ಮುಂದೆ ನಿಂತರೆ ಯಾಕಿಷ್ಟು ಬೇಸರ?

ಜಾಹೀರಾತಿನ ಫೋಟೊಗಳನ್ನು ತಿದ್ದುವುದು ನನ್ನ ಕಸುಬು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ನೀವು ಹೊಳಪು ಅನ್ನುವುದರಲ್ಲಿ ದೊಡ್ಡ ಪಾಲು ಬೆಳಕಿನದು. ಅಗಲವಾದ ಸಾಫ್ಟ್‌ಬಾಕ್ಸನ್ನು, ಅಂದರೆ ಬಿಳಿ ಬಟ್ಟೆ ಮುಚ್ಚಿದ ಸ್ಟುಡಿಯೊ ದೀಪವನ್ನು, ಮುಖದ ಹತ್ತಿರ ತಂದರೆ ರಂಧ್ರ, ಗುಳಿ, ಗೆರೆಗಳ ನೆರಳು ಬಹುಪಾಲು ಮಾಯ. ಬಚ್ಚಲುಮನೆಯ ಬಲ್ಬು ನೆತ್ತಿಯ ಮೇಲಿಂದ ಬೆಳಕು ಚೆಲ್ಲಿ, ಅದೇ ಗುಳಿಗಳನ್ನು ಎತ್ತಿ ತೋರಿಸುತ್ತದೆ. ಬೆಳಕು ಬಿಟ್ಟದ್ದನ್ನು ನಾವು ಮುಗಿಸುತ್ತೇವೆ. ಚರ್ಮದ ಬಣ್ಣವನ್ನೂ ಮೇಲ್ಮೈಯ ಸಣ್ಣ ವಿವರವನ್ನೂ ಬೇರೆಬೇರೆ ಲೇಯರ್ ಮಾಡಿಕೊಂಡು, ಬಣ್ಣದಲ್ಲಿರುವ ಕೆಂಪು, ಕಪ್ಪು ಕಲೆಗಳನ್ನು ಸಮ ಮಾಡುವುದು. ರಂಧ್ರಗಳನ್ನು ಮಾತ್ರ ಉಳಿಸುತ್ತೇವೆ, ಅಳಿಸಿಹೋಗಿದ್ದರೆ ಮುಖದ ಇನ್ನೊಂದು ಕಡೆಯಿಂದ ತಂದು ಕೂರಿಸುತ್ತೇವೆ. ‘ರಂಧ್ರ ಕಾಣಿಸ್ತಿದೆಯಲ್ಲ, ಇದು ಅಸಲಿ ಮುಖ’ ಎಂದು ನೋಡುವವರು ನಂಬಬೇಕಲ್ಲ! ನಾರ್ವೆಯಲ್ಲಿ 2022ರ ಜುಲೈಯಿಂದ ಜಾಹೀರಾತಿನ ಚಿತ್ರದಲ್ಲಿ ಮೈಯ ಆಕಾರ, ಗಾತ್ರ ಅಥವಾ ಚರ್ಮ ತಿದ್ದಿದ್ದರೆ ಹಾಗೆಂದು ಗುರುತು ಹಾಕಲೇಬೇಕು. ಒಳ್ಳೆಯ ಕಾನೂನೇ. ಆದರೆ ಗುರುತು ಓದಿದ ಮಾತ್ರಕ್ಕೆ ಮನಸ್ಸು ಹೋಲಿಸಿಕೊಳ್ಳುವುದನ್ನು ಬಿಟ್ಟೀತೇ? ನನಗೆ ಅನುಮಾನ.

ಈ ಹೋಲಿಕೆಯ ಬಗ್ಗೆ ಲಿಯಾನ್ ಫೆಸ್ಟಿಂಜರ್ ಎಂಬ ಮನೋವಿಜ್ಞಾನಿ 1954ರಲ್ಲೇ ಬರೆದಿದ್ದರು. ನಾವು ನಮ್ಮನ್ನು ಅಳೆದುಕೊಳ್ಳುವುದು ಹೆಚ್ಚಾಗಿ ನಮ್ಮಂಥವರ ಜೊತೆಗೆ. ಹಾಗಾಗಿ ನನ್ನ ಲೆಕ್ಕದಲ್ಲಿ ಮ್ಯಾಗಜಿನ್ ಮುಖಪುಟ ಅಷ್ಟು ನೋಯಿಸುವುದಿಲ್ಲ. ನೋಯಿಸುವುದು, ತಾರೆ ಈಗಷ್ಟೇ ಎದ್ದಂತೆ ಕೂದಲು ಕೆದರಿಕೊಂಡು, ‘ನೋಡಿ, ಮೇಕಪ್ ಇಲ್ಲ’ ಅನ್ನುವ ವಿಡಿಯೊ. ಅಲ್ಲಿ ಅವರು ನಮ್ಮಂಥವರೇ ಆಗಿಬಿಡುತ್ತಾರೆ. ‘ಹಾಗಿದ್ದರೆ ನನಗೇಕೆ ಇಲ್ಲ’ ಎಂಬ ಪ್ರಶ್ನೆ ಹುಟ್ಟುವುದೇ ಅಲ್ಲಿ. ಇನ್ನು ಅವರ ಮಾತನ್ನು ಗೆಳತಿಯ ಮಾತಿನಂತೆ ನಂಬುತ್ತೇವಲ್ಲ, ಪರದೆಯ ಮೇಲಿನವರ ಜೊತೆ ಬೆಳೆಯುವ ಈ ಒಮ್ಮುಖ ಸಲಿಗೆಯನ್ನು ಸಂಶೋಧಕರಾದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ 1956ರಲ್ಲೇ, ಟಿವಿಯ ಕಾಲದಲ್ಲಿ, ಗುರುತಿಸಿದ್ದರು. ಅದರ ಜೊತೆ ಪ್ರಭಾವಳಿ ಪರಿಣಾಮವೂ ಸೇರುತ್ತದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಒಂದು ಗುಣದಲ್ಲಿ ಒಳ್ಳೆಯ ಅಂಕ ಕೊಟ್ಟರೆ ಉಳಿದ ಗುಣಗಳಿಗೂ ಹಾಗೇ ಕೊಡುತ್ತಿದ್ದುದನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ತೋರಿಸಿದರು. ಚೆಂದ ಇರುವವರು ಚರ್ಮದ ವಿಚಾರವನ್ನೂ ಬಲ್ಲವರಿರಬೇಕು ಎಂದು ನಾವು ಅಂದುಕೊಳ್ಳುವುದು ಅದೇ ಜಾಡಿನಲ್ಲಿ.

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಕಾರಣ ಯಾವುದು, ಫಲ ಯಾವುದು ಎಂಬಲ್ಲಿ. ಒಳ್ಳೆಯ ಚರ್ಮ ಇದ್ದವರನ್ನೇ ಹುಡುಕಿ ಕ್ರೀಮಿನ ಜಾಹೀರಾತಿಗೆ ಹಾಕುತ್ತಾರೆ. ಉದ್ದ ಇದ್ದವರನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಆರಿಸಿಕೊಂಡು, ಚೆಂಡಿನಿಂದ ಉದ್ದ ಬೆಳೆದರು ಅಂದ ಹಾಗೆ.

ಹಾಗಾದರೆ ನಮ್ಮ ಕೈಯಲ್ಲಿ ಏನೂ ಇಲ್ಲವೇ? ಇದೆ. ತಿದ್ದುವ ಟೇಬಲ್ಲಿನಲ್ಲಿ ಕೂತು ನಾನು ಕಂಡುಕೊಂಡದ್ದು ಇಷ್ಟು: ಬಣ್ಣ ಸಮವಾಗಿ ಕಂಡರೆ ಸಾಕು, ಕಣ್ಣು ಅದನ್ನೇ ಆರೋಗ್ಯ, ಯೌವನ ಎಂದು ಓದಿಕೊಳ್ಳುತ್ತದೆ. ಆ ಸಮತೆಯನ್ನು ನಿಜ ಜೀವನದಲ್ಲಿ ಹೆಚ್ಚು ಕೆಡಿಸುವುದು ಬಿಸಿಲು. ಆಸ್ಟ್ರೇಲಿಯಾದಲ್ಲಿ 55 ವರ್ಷದೊಳಗಿನವರ ಮೇಲೆ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಷ್ಟ ಬಂದಾಗ ಸನ್‌ಸ್ಕ್ರೀನ್ ಹಚ್ಚಿದವರಿಗಿಂತ ದಿನವೂ ಹಚ್ಚಿದವರ ಚರ್ಮದಲ್ಲಿ ವಯಸ್ಸಿನ ಲಕ್ಷಣ ಶೇ 24ರಷ್ಟು ಕಡಿಮೆ ಇತ್ತು. ಸನ್‌ಸ್ಕ್ರೀನ್ ಎಷ್ಟು ಕಾಯುತ್ತದೆ ಎಂಬುದರ ಅಳತೆ ಎಸ್‌ಪಿಎಫ್. ಎಸ್‌ಪಿಎಫ್ 30 ಚರ್ಮ ಸುಡುವ ಯುವಿಬಿ ಕಿರಣವನ್ನು ಸುಮಾರು ಶೇ 97ರಷ್ಟು ತಡೆದರೆ, 50 ತಡೆಯುವುದು ಶೇ 98. ಆದ್ದರಿಂದ ಸಂಖ್ಯೆಗಿಂತ ಹಚ್ಚುವ ಪ್ರಮಾಣ ಮುಖ್ಯ: ಮುಖ, ಕುತ್ತಿಗೆಗೆ ಎರಡು ಬೆರಳಿನ ಮೇಲೆ ಉದ್ದಕ್ಕೂ ಹಿಂಡಿದಷ್ಟು. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಬಿಸಿಲಿನ ಇನ್ನೊಂದು ಬಗೆಯ ಕಿರಣ ಯುವಿಎ ಕಿಟಕಿಯ ಗಾಜನ್ನೂ ದಾಟುತ್ತದೆ, ಹಾಗಾಗಿ ಲೇಬಲ್ ಮೇಲೆ ‘ಬ್ರಾಡ್ ಸ್ಪೆಕ್ಟ್ರಮ್’ (ಎರಡೂ ಬಗೆಯ ಕಿರಣ ತಡೆಯುವಂಥದ್ದು) ಎಂದು ಇರಲಿ.

ಉಳಿದದ್ದು ತೀರಾ ಸಪ್ಪೆ. ಮೃದುವಾದ ಫೇಸ್‌ವಾಶ್, ಮುಖ ಇನ್ನೂ ತುಸು ಒದ್ದೆ ಇರುವಾಗಲೇ ಮಾಯಿಶ್ಚರೈಸರ್. ಚರ್ಮದ ಮೇಲ್ಪದರ ಸ್ವಲ್ಪ ಆಮ್ಲೀಯ, ಸಾಬೂನು ಕ್ಷಾರೀಯ, ತೊಳೆದ ಮೇಲೆ ಮುಖ ಬಿಗಿಯುವುದು ಅದಕ್ಕೇ. ಉಜ್ಜಿ ಉಜ್ಜಿ ಸ್ಕ್ರಬ್ ಮಾಡಬೇಡಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಕಲೆಯಾಗಬಹುದು. ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು, ವಯಸ್ಸಾದಂತೆ ಇನ್ನೂ ಹೆಚ್ಚು. ವಾರಕ್ಕೊಂದು ಕ್ರೀಮು ಬದಲಿಸುತ್ತಿದ್ದರೆ ಯಾವುದು ಕೆಲಸ ಮಾಡಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗೆರೆ, ಮೊಡವೆಗೆ ರೆಟಿನಾಯ್ಡ್ (ವಿಟಮಿನ್ ಎ ಬಗೆಯ ಲೇಪ) ಕೆಲಸ ಮಾಡುತ್ತದೆ, ರಾತ್ರಿ ಮಾತ್ರ ಹಚ್ಚಬೇಕು, ಬಸಿರಿನಲ್ಲಿ ಬೇಡ.

ಒಂದು ಎಚ್ಚರಿಕೆ. ನಾಲ್ಕೇ ದಿನಕ್ಕೆ ಮುಖ ಬೆಳ್ಳಗಾಯಿತು ಅಂದರೆ ಆ ಕ್ರೀಮಿನಲ್ಲಿ ಸ್ಟೆರಾಯ್ಡ್ ಇರಬಹುದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಿಟ್ಟಾಗ ಕೆಂಪಾಗಿ ಉರಿಯುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಚರ್ಮವೈದ್ಯರನ್ನು ಕಂಡು, ಅವರು ಹೇಳಿದಂತೆ ಬಿಡಿ.